ಓವರ್‌ಕ್ಲಾಕಿಂಗ್ ನಂತರ ಬೂಟ್ ಆಗದ ಕಂಪ್ಯೂಟರ್

ಪ್ರೊಸೆಸರ್, ರ‍್ಯಾಮ್ ಅಥವಾ ಗ್ರಾಫಿಕ್ಸ್ ಕಾರ್ಡನ್ನು ತಯಾರಕರು ಗೊತ್ತುಮಾಡಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಹೀಗೆ ವೇಗ ಏರಿಸಿ ಮತ್ತೆ ಚಾಲೂ ಮಾಡಿದಾಗ ಕೆಲವೊಮ್ಮೆ ಫ್ಯಾನ್ ತಿರುಗುತ್ತದೆ, ದೀಪ ಹತ್ತುತ್ತದೆ, ಪರದೆ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ. ರಿಪೇರಿ ಅಂಗಡಿಗಳಲ್ಲಿ ಇದಕ್ಕೆ ‘ನೋ ಡಿಸ್‌ಪ್ಲೇ’ ಎನ್ನುವುದು ರೂಢಿ. ಬಹುಪಾಲು ಸಂದರ್ಭಗಳಲ್ಲಿ ಯಾವ ಭಾಗವೂ ಸುಟ್ಟಿರುವುದಿಲ್ಲ. ಮದರ್‌ಬೋರ್ಡ್ ನೆನಪಿನಲ್ಲಿಟ್ಟುಕೊಂಡಿರುವ, ಚಿಪ್‌ಗೆ ನಿಭಾಯಿಸಲಾಗದ ಸೆಟ್ಟಿಂಗ್ ಒಂದನ್ನು ಅಳಿಸಿದರೆ ಯಂತ್ರ ಮೊದಲಿನಂತೆ ಏಳುತ್ತದೆ. ಆದ್ದರಿಂದ ದುಡ್ಡು ಬೇಡದ, ಹಿಂತೆಗೆಯಬಹುದಾದ ಉಪಾಯಗಳನ್ನೆಲ್ಲ ಮುಗಿಸುವವರೆಗೆ ಹೊಸ ಭಾಗ ಕೊಳ್ಳಬಾರದು ಎಂಬುದು ಈ ಕೆಲಸದ ಮೊದಲ ಶಿಸ್ತು.

ರಾಯಚೂರು ಜಿಲ್ಲೆಯ ಸಿಂಧನೂರು ಬಳಿಯ ಆರ್.ಎಚ್. ಕ್ಯಾಂಪ್‌ಗಳಂಥ ಊರಲ್ಲಿ ಈ ಶಿಸ್ತಿಗೆ ಹೆಚ್ಚಿನ ಬೆಲೆಯಿದೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರ ಪುನರ್ವಸತಿಗಾಗಿ ಹುಟ್ಟಿದ ಈ ಕ್ಯಾಂಪ್‌ಗಳು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆಯಲ್ಲಿವೆ. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಲ್ಲಿ ಸಾಮಾನ್ಯ ರಿಪೇರಿಗೆ ಅಂಗಡಿಗಳು ಸಿಗುತ್ತವೆ. ಆದರೆ ತಾಳೆ ನೋಡಲು ಅದೇ ಸಾಕೆಟ್‌ನ ಇನ್ನೊಂದು ಪ್ರೊಸೆಸರ್ ಅಥವಾ ಮದರ್‌ಬೋರ್ಡ್ ಬೇಕೆಂದರೆ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ ಅಥವಾ ಬೆಂಗಳೂರಿನ ಎಸ್.ಪಿ. ರಸ್ತೆಯ ಕಡೆ ಮುಖ ಮಾಡಬೇಕಾಗುತ್ತದೆ. ಅಷ್ಟು ದೂರ ಹೋಗುವ ಮುನ್ನ ಮನೆಯ ಮೇಜಿನ ಮೇಲೇ ಮಾಡಬಹುದಾದದ್ದು ಬಹಳಷ್ಟಿದೆ.

ವೇಗ ಏಕೆ ಏರುತ್ತದೆ, ಎಲ್ಲಿ ನಿಲ್ಲುತ್ತದೆ

ಪ್ರೊಸೆಸರಿನ ವೇಗವೆಂದರೆ ಮೂಲ ಗಡಿಯಾರದ ಮಿಡಿತವನ್ನು ಒಂದು ಗುಣಕದಿಂದ ಗುಣಿಸಿದ ಸಂಖ್ಯೆ. ಇಂದಿನ ಯಂತ್ರಗಳಲ್ಲಿ ಮೂಲ ಗಡಿಯಾರ 100 ಮೆಗಾಹರ್ಟ್ಸ್. ಗುಣಕ 46 ಆದರೆ ವೇಗ 4.6 ಗಿಗಾಹರ್ಟ್ಸ್. ಒಂದು ಮಿಡಿತಕ್ಕೂ ಮುಂದಿನದಕ್ಕೂ ನಡುವೆ ಸಂಕೇತವು ಟ್ರಾನ್ಸಿಸ್ಟರುಗಳ ಸಾಲನ್ನು ದಾಟಿ ತನ್ನ ಕೊನೆಯ ಠಾವು ಮುಟ್ಟಲೇಬೇಕು. ಕಾಲುವೆಗೆ ನೀರು ಬಿಟ್ಟಾಗ ಸರದಿ ಮುಗಿಯುವುದರೊಳಗೆ ಕೊನೆಭಾಗದ ಹೊಲಕ್ಕೆ ನೀರು ತಲುಪಬೇಕಲ್ಲ, ಅದೇ ಲೆಕ್ಕ. ಸರದಿಯ ಅವಧಿ ಕಡಿಮೆ ಮಾಡುತ್ತ ಹೋದರೆ ಮೊದಲು ಸೊರಗುವುದು ಕೊನೆಭಾಗವೇ. ವೋಲ್ಟೇಜ್ ಏರಿಸಿದರೆ ಟ್ರಾನ್ಸಿಸ್ಟರ್ ಬೇಗ ಬದಲಾಗುತ್ತದೆ, ಸಂಕೇತ ಹೊತ್ತಿಗೆ ಸರಿಯಾಗಿ ಮುಟ್ಟುತ್ತದೆ. ಓವರ್‌ಕ್ಲಾಕ್ ಮಾಡುವವರು ವೇಗದ ಜೊತೆಗೆ ವೋಲ್ಟೇಜನ್ನೂ ಮುಟ್ಟುವುದು ಇದಕ್ಕಾಗಿ.

ಅದರ ಬೆಲೆ ಶಾಖದಲ್ಲಿ ತೆರಬೇಕಾಗುತ್ತದೆ. ಚಿಪ್ ಕೆಲಸ ಮಾಡುವಾಗ ತಿನ್ನುವ ವಿದ್ಯುತ್ತು ವೇಗಕ್ಕೆ ನೇರ ಅನುಪಾತದಲ್ಲಿಯೂ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿಯೂ ಏರುತ್ತದೆ. 4.0 ಗಿಗಾಹರ್ಟ್ಸ್, 1.20 ವೋಲ್ಟ್‌ನಲ್ಲಿದ್ದ ಪ್ರೊಸೆಸರನ್ನು 4.6 ಗಿಗಾಹರ್ಟ್ಸ್, 1.35 ವೋಲ್ಟ್‌ಗೆ ಒಯ್ದರೆ ವೇಗ ಹೆಚ್ಚಿದ್ದು ಶೇ. 15, ವಿದ್ಯುತ್ ಬಳಕೆ ಹೆಚ್ಚಿದ್ದು ಸುಮಾರು ಶೇ. 45. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯವಾಗಿರುವ ರಾಯಚೂರು ಸೀಮೆಯಲ್ಲಿ ಈ ಹೆಚ್ಚುವರಿ ಶಾಖ ಹೋಗಲು ಜಾಗ ಕಡಿಮೆ. ಕೋಣೆಯ ಗಾಳಿ 15 ಡಿಗ್ರಿ ಬಿಸಿಯಾದರೆ ಅದೇ ಕೆಲಸ ಮಾಡುವ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಬಿಸಿಯಾಗುತ್ತದೆ. ಡಿಸೆಂಬರಿನ ರಾತ್ರಿ 75 ಡಿಗ್ರಿಯಲ್ಲಿ ನಿಂತಿದ್ದ ಪ್ರೊಸೆಸರು ಮೇ ಮಧ್ಯಾಹ್ನ 90ರ ಆಚೆ ಹೋಗುತ್ತದೆ. ಬಹುತೇಕ ಇಂಟೆಲ್ ಡೆಸ್ಕ್‌ಟಾಪ್ ಚಿಪ್‌ಗಳು 100 ಡಿಗ್ರಿಗೆ, ಎಎಂಡಿಯ ರೈಜೆನ್ 7000 ಸಾಲಿನ ಹೆಚ್ಚಿನವು 95 ಡಿಗ್ರಿಗೆ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಚಳಿಗಾಲದಲ್ಲಿ ಪರೀಕ್ಷಿಸಿ ‘ಗಟ್ಟಿಯಾಗಿದೆ’ ಎಂದುಕೊಂಡ ಸೆಟ್ಟಿಂಗ್ ಬೇಸಿಗೆಯಲ್ಲಿ ಕೈಕೊಟ್ಟರೆ ಅದು ಯಂತ್ರದ ದೋಷವಲ್ಲ. ಈ ಸೀಮೆಯಲ್ಲಿ ಓವರ್‌ಕ್ಲಾಕ್ ಪರೀಕ್ಷೆಗೆ ಸರಿಯಾದ ಕಾಲ ಬೇಸಿಗೆಯೇ.

ಚರಿತ್ರೆ

1981ರ ಐಬಿಎಂ ಪಿಸಿಯ ವೇಗ 4.77 ಮೆಗಾಹರ್ಟ್ಸ್. ಆ ಕಾಲದ ಯಂತ್ರಗಳಲ್ಲಿ ವೇಗ ಹೆಚ್ಚಿಸಬೇಕೆಂದರೆ ಬೋರ್ಡಿನ ಮೇಲೆ ಮಿಡಿತ ಹುಟ್ಟಿಸುವ ಹರಳನ್ನೇ ಬದಲಿಸಬೇಕಿತ್ತು. ಎಡವಟ್ಟಾದರೆ ಹಳೆಯ ಹರಳು ಕೂರಿಸಿದರೆ ಮುಗಿಯಿತು, ಯಂತ್ರ ಏನನ್ನೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ. 1984ರ ಐಬಿಎಂ ಪಿಸಿ ಎಟಿಯಲ್ಲಿ ಸೆಟ್ಟಿಂಗ್‌ಗಳನ್ನು ಸೆಲ್‌ನ ಬಲದಿಂದ ಉಳಿಸಿಕೊಳ್ಳುವ ಸಿಮಾಸ್ ಚಿಪ್ ಬಂತು. 1998ರಲ್ಲಿ ಬಂದ ಇಂಟೆಲ್‌ನ ಸೆಲೆರಾನ್ 300ಎ ಈ ಹವ್ಯಾಸವನ್ನು ಸಾಮಾನ್ಯರ ಮನೆಗೆ ತಂದಿತು. ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ 300ರ ಚಿಪ್ಪು 450 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು. ಗುಣಕಕ್ಕೆ ಇಂಟೆಲ್ ಆಗಲೇ ಬೀಗ ಹಾಕಿತ್ತು, ಮುಂದೆ ಮುಖ್ಯವಾಗಿ ಹೆಸರಿನ ಕೊನೆಗೆ ‘ಕೆ’ ಇರುವ ದುಬಾರಿ ಚಿಪ್‌ಗಳಲ್ಲಿ ಅದನ್ನು ತೆರೆದು ಬಿಟ್ಟಿತು. ಎಎಂಡಿ 2017ರಲ್ಲಿ ತಂದ ಡೆಸ್ಕ್‌ಟಾಪ್ ರೈಜೆನ್‌ಗಳಲ್ಲಿ ಗುಣಕ ತೆರೆದೇ ಇತ್ತು.

ಚಿಪ್‌ನಲ್ಲಿ ಇಷ್ಟು ಮಿಗುತಾಯ ಇರಲು ಕಾರಣ ಸರಳ. ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಚಿಪ್‌ಗಳೂ ಒಂದೇ ಗುಣದವಾಗಿರುವುದಿಲ್ಲ. ಪರೀಕ್ಷೆಯಲ್ಲಿ ತೇರ್ಗಡೆಯಾದ ವೇಗದ ಮೇಲೆ ಅವನ್ನು ವಿಂಗಡಿಸಿ, ಬಿಸಿ ಮತ್ತು ವಯಸ್ಸಿಗೆ ಅಂಚು ಬಿಟ್ಟು ಮಾರುತ್ತಾರೆ. ಓವರ್‌ಕ್ಲಾಕ್ ಮಾಡುವವರು ಖರ್ಚುಮಾಡುವುದು ಆ ಅಂಚನ್ನು. 2008ರಲ್ಲಿ ಬಂದ ಇಂಟೆಲ್‌ನ ಆರು ಕೋರ್‌ಗಳ ಕ್ಸಿಯಾನ್ 7400 ‘ಡನಿಂಗ್ಟನ್’ ವಿನ್ಯಾಸಗೊಂಡದ್ದು ಬೆಂಗಳೂರಿನಲ್ಲಿ. ಎಎಂಡಿ ತನ್ನ ಅತಿದೊಡ್ಡ ವಿನ್ಯಾಸ ಕೇಂದ್ರವನ್ನು 2023ರಲ್ಲಿ ತೆರೆದದ್ದೂ ಬೆಂಗಳೂರಿನಲ್ಲೇ. ಅಂಚಿನ ಲೆಕ್ಕ ಹಾಕುವವರೂ ಅದನ್ನು ಮೀರಲು ಹೊರಡುವವರೂ ಕರ್ನಾಟಕದೊಳಗೇ ಇದ್ದಾರೆ ಎಂಬುದು ನೆನೆಯಬೇಕಾದ ಮಾತು.

ಲಕ್ಷಣ ಓದುವುದು

ಸ್ವಿಚ್ ಒತ್ತಿದ ಕೂಡಲೇ ಮದರ್‌ಬೋರ್ಡ್ ತನ್ನೊಳಗಿನ ಬಯೋಸ್ ಎಂಬ ತಂತ್ರಾಂಶದಿಂದ ಪೋಸ್ಟ್ ಎಂಬ ಸ್ವಯಂ ಪರೀಕ್ಷೆ ನಡೆಸುತ್ತದೆ. ಪ್ರೊಸೆಸರು, ರ‍್ಯಾಮ್, ಗ್ರಾಫಿಕ್ಸ್ ಸರಿಯಿವೆಯೇ ನೋಡಿ, ಆಮೇಲೆ ಡಿಸ್ಕ್‌ನಿಂದ ವಿಂಡೋಸ್ ಅಥವಾ ಲಿನಕ್ಸ್ ಕರೆತರುತ್ತದೆ. ಯಂತ್ರ ಯಾವ ಹಂತದಲ್ಲಿ ನಿಂತಿತು ಎಂಬುದು ಗೊತ್ತಾದರೆ ಅರ್ಧ ಕೆಲಸ ಆದಂತೆ.

ಫ್ಯಾನ್ ಕೂಡ ತಿರುಗದಿದ್ದರೆ ದೋಷ ವಿದ್ಯುತ್ತಿನದು: ಪ್ಲಗ್, ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೆಟ್ಟಿಗೆ, ಅದರ ಹಿಂದಿನ ಸ್ವಿಚ್, ಕ್ಯಾಬಿನೆಟ್ ಗುಂಡಿಯ ತಂತಿ. ಫ್ಯಾನ್ ತಿರುಗಿ ಪರದೆ ಕಪ್ಪಾಗಿದ್ದರೆ, ಅಥವಾ ಎರಡು ಮೂರು ಸೆಕೆಂಡಿಗೊಮ್ಮೆ ಆರಿ ಹತ್ತುತ್ತಿದ್ದರೆ, ಪೋಸ್ಟ್ ಮುಗಿದಿಲ್ಲ. ಓವರ್‌ಕ್ಲಾಕ್ ನಂತರದ ತೊಂದರೆಗಳಲ್ಲಿ ಇದೇ ಹೆಚ್ಚು. ಕಂಪನಿಯ ಲೋಗೋ ಕಾಣಿಸಿ ವಿಂಡೋಸ್ ಚಕ್ರ ಸುತ್ತುವಾಗ ನೀಲಿ ಪರದೆ ಬಂದರೆ ಸೆಟ್ಟಿಂಗ್ ಪೂರ್ತಿ ತಪ್ಪಲ್ಲ, ಅಂಚಿನಲ್ಲಿದೆ.

ಹೊಸ ಬೋರ್ಡ್‌ಗಳಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ಬರೆದ ನಾಲ್ಕು ಪುಟ್ಟ ದೀಪಗಳಿರುತ್ತವೆ. ಯಾವುದು ಹತ್ತಿಕೊಂಡೇ ಉಳಿಯುತ್ತದೋ ತೊಂದರೆ ಅಲ್ಲಿದೆ. ದುಬಾರಿ ಬೋರ್ಡ್‌ಗಳಲ್ಲಿ ಎರಡಂಕಿಯ ಕೋಡ್ ಕಾಣುತ್ತದೆ. ಎಎಂಐ ಬಯೋಸ್‌ನಲ್ಲಿ 55 ಬಂದರೆ ರ‍್ಯಾಮ್ ಸಿಗಲಿಲ್ಲವೆಂದೂ ಡಿ6 ಬಂದರೆ ಚಿತ್ರ ತೋರಿಸುವ ಸಾಧನ ಸಿಗಲಿಲ್ಲವೆಂದೂ ತಿಳಿಯಬೇಕು. ಈ ಯಾವುದೂ ಇಲ್ಲದ ಹಳೆ ಬೋರ್ಡಿಗೆ ಪುಟ್ಟ ಸ್ಪೀಕರ್ ಸಿಕ್ಕಿಸಿದರೆ ಬೀಪ್ ಶಬ್ದ ಎಣಿಸಿ ಕೈಪಿಡಿಯೊಂದಿಗೆ ತಾಳೆ ನೋಡಬಹುದು. ಆ ಸ್ಪೀಕರಿಗೆ ತಗಲುವ ವೆಚ್ಚ ಅತ್ಯಲ್ಪ, ಉಪಕಾರ ದೊಡ್ಡದು.

ಕಾಯುವುದೂ ಒಂದು ಪರೀಕ್ಷೆಯೇ. ಡಿಡಿಆರ್5 ರ‍್ಯಾಮ್ ಇರುವ ಯಂತ್ರ, ಅದರಲ್ಲೂ ಎಎಂಡಿಯ ಎಎಂ5 ಬೋರ್ಡ್, ರ‍್ಯಾಮ್ ವೇಗ ಬದಲಿಸಿದ ಮೇಲೆ ಮೊದಲ ಸಲ ಏಳುವಾಗ ಮೆಮೊರಿಯನ್ನು ಪಳಗಿಸಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳುವುದುಂಟು. ಅಷ್ಟರಲ್ಲಿ ‘ಹೋಯಿತು’ ಎಂದು ಪ್ಲಗ್ ಕೀಳುವವರು ಸರಿಯಾಗಿ ನಡೆಯುತ್ತಿದ್ದ ಕೆಲಸವನ್ನು ನಡುವೆ ಕೆಡಿಸುತ್ತಾರೆ. ಹದಿನೈದು ನಿಮಿಷ ಬಿಡುವುದರಿಂದ ನಷ್ಟವಿಲ್ಲ.

ಸೆಟ್ಟಿಂಗ್ ಅಳಿಸುವುದು

ಕಾದರೂ ಏಳದಿದ್ದರೆ ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಖಾಲಿ ಮಾಡಿ, ಮತ್ತೆ ಚಾಲೂ ಮಾಡಬೇಕು. ಎರಡು ಮೂರು ಸಲ ಸೋತ ಮೇಲೆ ಅನೇಕ ಬೋರ್ಡ್‌ಗಳು ತಾವಾಗಿಯೇ ಸುರಕ್ಷಿತ ವೇಗಕ್ಕೆ ಇಳಿದು, ಓವರ್‌ಕ್ಲಾಕಿಂಗ್ ವಿಫಲವಾಗಿದೆ, ಎಫ್1 ಒತ್ತಿ ಎಂಬ ಸೂಚನೆ ತೋರಿಸುತ್ತವೆ. ಅಷ್ಟಾದರೆ ಬಯೋಸ್ ಒಳಗೆ ಹೋಗಿ ‘ಆಪ್ಟಿಮೈಜ್ಡ್ ಡಿಫಾಲ್ಟ್ಸ್’ ಆರಿಸಿ ಎಫ್10 ಒತ್ತಿದರೆ ಸಾಕು.

ಆಗದಿದ್ದರೆ ಸಿಮಾಸ್ ಅಳಿಸಬೇಕು. ಗೋಡೆಯ ಪ್ಲಗ್ ಕಿತ್ತಿರಬೇಕು, ಇದರಲ್ಲಿ ರಾಜಿಯಿಲ್ಲ. ಬೋರ್ಡಿನ ಮೇಲೆ ಏಸಸ್ ಆದರೆ ಸಿಎಲ್‌ಆರ್‌ಟಿಸಿ, ಎಂಎಸ್‌ಐ ಆದರೆ ಜೆಬ್ಯಾಟ್1, ಗಿಗಾಬೈಟ್ ಆದರೆ ಸಿಎಲ್‌ಆರ್ ಸಿಮಾಸ್ ಎಂದು ಬರೆದ ಎರಡು ಅಥವಾ ಮೂರು ಪಿನ್‌ಗಳಿರುತ್ತವೆ. ಎರಡು ಪಿನ್ ಇದ್ದರೆ ಸ್ಕ್ರೂಡ್ರೈವರಿನ ತುದಿಯಿಂದ ಎರಡನ್ನೂ ಹತ್ತು ಸೆಕೆಂಡು ಕೂಡಿಸಿ ಹಿಡಿಯಬೇಕು. ಮೂರಿದ್ದರೆ ಜಂಪರ್ ಟೊಪ್ಪಿಯನ್ನು ಪಕ್ಕದ ಜೋಡಿಗೆ ಸರಿಸಿ, ಹತ್ತು ಸೆಕೆಂಡಿನ ನಂತರ ಮರಳಿ ಮೊದಲ ಜಾಗಕ್ಕೆ ತರಬೇಕು. ತರದೆ ಬಿಟ್ಟರೆ ಯಂತ್ರ ಏಳದೆಯೇ ಇರಬಹುದು. ಪಿನ್ ಸಿಗದಿದ್ದರೆ ನಾಣ್ಯದಂಥ ಸಿಆರ್2032 ಸೆಲ್ ಹೊರತೆಗೆದು ಹತ್ತು ನಿಮಿಷ ಬಿಟ್ಟು ಹಾಕಬೇಕು. ಹೊಸ ಸೆಲ್ 3 ವೋಲ್ಟ್ ಅಥವಾ ತುಸು ಮೇಲೆ ತೋರುತ್ತದೆ. ಮಲ್ಟಿಮೀಟರಿನಲ್ಲಿ 2.7ಕ್ಕಿಂತ ಕೆಳಗಿದ್ದರೆ ಬದಲಿಸುವುದೇ ಲೇಸು.

ಲ್ಯಾಪ್‌ಟಾಪ್‌ಗಳ ಮಾತು ಬೇರೆ. ಅವುಗಳ ಬಹುತೇಕ ಪ್ರೊಸೆಸರುಗಳಿಗೆ ಬೀಗವಿರುತ್ತದೆ, ಜಂಪರ್ ಇರುವುದೂ ಅಪರೂಪ. ಕೈಪಿಡಿ ಹೇಳಿದಂತೆ ನಡೆಯುವುದೇ ದಾರಿ.

ಗ್ರಾಫಿಕ್ಸ್ ಕಾರ್ಡನ್ನು ವಿಂಡೋಸ್‌ನೊಳಗಿನ ಆಫ್ಟರ್‌ಬರ್ನರ್‌ನಂಥ ತಂತ್ರಾಂಶದಿಂದ ಓವರ್‌ಕ್ಲಾಕ್ ಮಾಡಿದ್ದರೆ ಸಿಮಾಸ್ ಅಳಿಸಿ ಪ್ರಯೋಜನವಿಲ್ಲ, ಪೋಸ್ಟ್‌ಗೂ ಅದಕ್ಕೂ ಸಂಬಂಧವಿಲ್ಲ. ಸೇಫ್ ಮೋಡ್‌ನಲ್ಲಿ ಎದ್ದು ಆ ತಂತ್ರಾಂಶ ತೆಗೆದುಹಾಕಬೇಕು.

ರ‍್ಯಾಮ್, ತಂತಿ, ವಿದ್ಯುತ್ತು

ಸಿಮಾಸ್ ಅಳಿಸಿದರೂ ಪರದೆ ಬಾರದಿದ್ದರೆ ಅನುಮಾನ ಮೊದಲು ರ‍್ಯಾಮ್ ಮೇಲೆ. ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ, ರ‍್ಯಾಮ್ ವೇಗ ಏರಿಸುವ ಸಿದ್ಧ ಸೆಟ್ಟಿಂಗ್ ಆನ್ ಮಾಡುವುದೂ ಓವರ್‌ಕ್ಲಾಕಿಂಗೇ ಎಂಬುದು ಬಹಳ ಮಂದಿಗೆ ತಿಳಿದಿರುವುದಿಲ್ಲ. ಡಿಡಿಆರ್4 ರ‍್ಯಾಮ್‌ನ ಸಹಜ ವೋಲ್ಟೇಜ್ 1.2 ಆದರೆ ಎಕ್ಸ್‌ಎಂಪಿಯಲ್ಲಿ ಸಾಮಾನ್ಯವಾಗಿ 1.35 ಆಗುತ್ತದೆ. ರ‍್ಯಾಮ್ ಪಟ್ಟಿಗಳನ್ನೆಲ್ಲ ತೆಗೆದು ಒಂದನ್ನೇ, ಪ್ರೊಸೆಸರಿನಿಂದ ಎಣಿಸಿದರೆ ಎರಡನೆಯ ಸ್ಲಾಟ್‌ನಲ್ಲಿ ಕೂರಿಸಿ ನೋಡಬೇಕು. ನಾಲ್ಕು ಸ್ಲಾಟ್‌ಗಳ ಬೋರ್ಡ್‌ಗಳಲ್ಲಿ ಒಂಟಿ ಪಟ್ಟಿಗೆ ಹೆಚ್ಚಾಗಿ ಹೇಳುವ ಜಾಗ ಅದು. ಆಮೇಲೆ ಎರಡನೆಯ ಪಟ್ಟಿ, ಬೇರೆ ಸ್ಲಾಟ್. ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವುದು ನಮ್ಮ ಅಂಗಡಿಗಳ ಹಳೆಯ ಪದ್ಧತಿ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಬಟ್ಟೆ ಅದಕ್ಕಿಂತ ಒಳ್ಳೆಯದು, ಲೇಪ ಸವೆಯುವುದಿಲ್ಲ. ಭತ್ತದ ಹೊಟ್ಟಿನ ಧೂಳು, ರೈಸ್ ಮಿಲ್ಲಿನ ಬೂದಿ, ಎರೆಭೂಮಿಯ ಮಣ್ಣು ಸ್ಲಾಟ್‌ನೊಳಗೂ ಹೀಟ್‌ಸಿಂಕ್‌ನ ಎಸಳುಗಳ ನಡುವೆಯೂ ಕೂರುವ ಊರಲ್ಲಿ ಈ ಹಂತವನ್ನು ಹಾರಿಸಬಾರದು.

ಮಾನಿಟರ್ ಕೇಬಲ್ ಎಲ್ಲಿದೆ ನೋಡಬೇಕು. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದಕ್ಕೇ ಸಿಕ್ಕಿಸಬೇಕು. ಹೆಸರಿನ ಕೊನೆಗೆ ‘ಎಫ್’ ಇರುವ ಇಂಟೆಲ್ ಪ್ರೊಸೆಸರಿನಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ, ಬೋರ್ಡಿನ ಎಚ್‌ಡಿಎಂಐ ಕಿಂಡಿಯಿಂದ ಚಿತ್ರ ಬರುವುದೇ ಇಲ್ಲ. ಬೋರ್ಡಿನ ಮೇಲ್ಮೂಲೆಯಲ್ಲಿ ಪ್ರೊಸೆಸರಿಗೆಂದೇ ಇರುವ ಎಂಟು ಪಿನ್‌ನ ಪವರ್ ತಂತಿ ಗಟ್ಟಿಯಾಗಿ ಕೂತಿದೆಯೇ ಎಂದೂ ಒತ್ತಿ ನೋಡಬೇಕು.

ಇನ್ನು ವಿದ್ಯುತ್ತು. ಕಲ್ಯಾಣ ಕರ್ನಾಟಕದ ಉಳಿದ ಜಿಲ್ಲೆಗಳಂತೆ ರಾಯಚೂರಿಗೂ ವಿದ್ಯುತ್ ಹಂಚುವುದು ಜೆಸ್ಕಾಂ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ ಇದೇ ಜಿಲ್ಲೆಯಲ್ಲಿದ್ದರೂ ಹಳ್ಳಿಯ ಸಾಲಿನ ಕೊನೆಯ ಮನೆಯಲ್ಲಿ ವೋಲ್ಟೇಜ್ ಏರಿಳಿಯಬಹುದು. ಒಳ್ಳೆಯ ಎಸ್‌ಎಂಪಿಎಸ್‌ಗಳು 100ರಿಂದ 240 ವೋಲ್ಟ್‌ವರೆಗೆ ತಾಳಿಕೊಳ್ಳುತ್ತವೆ, ಹಾಗಾಗಿ ವೋಲ್ಟೇಜ್ ಇಳಿದದ್ದೇ ಕಾರಣವೆಂದು ಬಗೆಯಬೇಕಾಗಿಲ್ಲ. ಕಾಡುವುದು ಕ್ಷಣಕಾಲದ ಕಡಿತ. ಪೂರ್ತಿ ಹೊರೆಯಿರುವಾಗ ಎಸ್‌ಎಂಪಿಎಸ್ ತನ್ನೊಳಗಿನ ಕೆಪಾಸಿಟರಿನ ಬಲದಿಂದ ಹಿಡಿದು ನಿಲ್ಲುವುದು ಸಾಮಾನ್ಯವಾಗಿ ಒಂದು ಸೆಕೆಂಡಿನ ಐವತ್ತನೇ ಒಂದು ಭಾಗಕ್ಕೂ ಕಡಿಮೆ ಹೊತ್ತು. ಓವರ್‌ಕ್ಲಾಕ್ ಆ ಹೊರೆಯನ್ನು ಹೆಚ್ಚಿಸುತ್ತದೆ. ಮನೆಯ ಇನ್ವರ್ಟರಿನಲ್ಲಿ ‘ಯುಪಿಎಸ್ ಮೋಡ್’ ಎಂಬ ಸ್ವಿಚ್ ಇದ್ದರೆ ಅದನ್ನು ಹಾಕಿರಬೇಕು, ಇಲ್ಲದಿದ್ದರೆ ಕರೆಂಟ್ ಹೋದ ಗಳಿಗೆಯಲ್ಲಿ ಕಂಪ್ಯೂಟರ್ ಆರಿ ಹತ್ತುತ್ತದೆ. ಪೋಸ್ಟ್ ನಡುವೆ ಹೀಗೆ ಕರೆಂಟ್ ಹೋದರೆ ಕೆಲವು ಬೋರ್ಡ್‌ಗಳು ಅದನ್ನೇ ಓವರ್‌ಕ್ಲಾಕಿನ ಸೋಲೆಂದು ಎಣಿಸಿ ಸೆಟ್ಟಿಂಗ್ ಅಳಿಸಿಬಿಡುತ್ತವೆ. ಹೊರೆಯಿದ್ದಾಗ ಎಸ್‌ಎಂಪಿಎಸ್‌ನ 12 ವೋಲ್ಟ್ ತಂತಿಯಲ್ಲಿ 11.4ಕ್ಕಿಂತ ಕಡಿಮೆ ಕಂಡರೆ ಅದು ಬದಲಾಗಬೇಕಾದ ಸಾಮಾನು.

ಬಯೋಸ್ ಫೈಲೇ ಕೆಟ್ಟಿದೆ ಎನಿಸಿದರೆ, ಬೋರ್ಡಿನಲ್ಲಿ ಫ್ಲ್ಯಾಶ್‌ಬ್ಯಾಕ್ ಗುಂಡಿ ಇದ್ದಲ್ಲಿ, ಫ್ಯಾಟ್32 ಮಾಡಿದ ಪೆನ್‌ಡ್ರೈವ್‌ಗೆ ತಯಾರಕರ ತಾಣದ ಫೈಲನ್ನು ಹೇಳಿದ ಹೆಸರಿನಲ್ಲೇ ಹಾಕಿ ಬರೆಯಬಹುದು. ಈ ಕೆಲಸ ಯುಪಿಎಸ್ ಇಲ್ಲದೆ ಮಾಡತಕ್ಕದ್ದಲ್ಲ. ನಡುವೆ ಕರೆಂಟ್ ಹೋದರೆ ಅಲ್ಲಿಯವರೆಗೆ ಸರಿಯಿದ್ದ ಬೋರ್ಡೂ ಮಲಗಬಹುದು.

ಎದ್ದ ಮೇಲೆ

ಪರದೆ ಬಂದ ಕೂಡಲೇ ಕೆಲಸ ಮುಗಿಯಿತೆಂದು ಬಿಡುವುದರಿಂದ ಮುಂದೆ ಹೆಚ್ಚು ಹಾನಿಯಾಗುತ್ತದೆ. ಸಿಮಾಸ್ ಅಳಿಸಿದಾಗ ಓವರ್‌ಕ್ಲಾಕ್ ಜೊತೆಗೆ ಉಳಿದ ಸೆಟ್ಟಿಂಗ್‌ಗಳೂ ಹೋಗಿರುತ್ತವೆ. ಡಿಸ್ಕ್‌ನ ಮೋಡ್ ಎಎಚ್‌ಸಿಐ ಇದ್ದದ್ದು ರೇಡ್ ಅಥವಾ ವಿಎಂಡಿ ಆಗಿದ್ದರೆ ವಿಂಡೋಸ್ ಸಿಗುವುದಿಲ್ಲ. ಹಳೆಯ ಕಾಲದ ಲೆಗಸಿ ವಿಧಾನದಲ್ಲಿ ವಿಂಡೋಸ್ ಹಾಕಿದ್ದರೆ ಸಿಎಸ್‌ಎಂ ಎಂಬ ಸೆಟ್ಟಿಂಗನ್ನು ಮತ್ತೆ ಆನ್ ಮಾಡಬೇಕು. ಟಿಪಿಎಂ ಅಥವಾ ಸೆಕ್ಯೂರ್ ಬೂಟ್ ಬದಲಾದರೆ ಡಿಸ್ಕ್‌ಗೆ ಬೀಗ ಹಾಕಿರುವ ಬಿಟ್‌ಲಾಕರ್ 48 ಅಂಕಿಗಳ ಕೀಲಿ ಕೇಳುತ್ತದೆ. ಆ ಕೀಲಿ ಬರೆದಿಟ್ಟುಕೊಳ್ಳದೆ ಬಯೋಸ್ ಮುಟ್ಟಲೇಬಾರದು. ಗಡಿಯಾರ ಹಳೆಯ ದಿನಾಂಕಕ್ಕೆ ಹೋಗಿದ್ದರೆ ಬ್ಯಾಂಕ್, ಸೇವಾ ಸಿಂಧು ಮುಂತಾದ ಜಾಲತಾಣಗಳು ಪ್ರಮಾಣಪತ್ರ ಸರಿಯಿಲ್ಲವೆಂದು ತೆರೆಯಲು ಒಪ್ಪುವುದಿಲ್ಲ. ತಾರೀಖು ಸರಿಪಡಿಸಿದರೆ ತೆರೆಯುತ್ತವೆ.

ಅಸ್ಥಿರ ರ‍್ಯಾಮ್‌ನೊಂದಿಗೆ ಓಡಿದ ಯಂತ್ರ ಡಿಸ್ಕ್‌ಗೆ ತಪ್ಪು ಬರೆದಿರುವ ಸಾಧ್ಯತೆ ಇದೆ. ಮೂಲ ಗಡಿಯಾರವನ್ನೇ ಏರಿಸಿದ್ದಲ್ಲಿ, ಅದರೊಂದಿಗೆ ಪಿಸಿಐ ಎಕ್ಸ್‌ಪ್ರೆಸ್ ಮಾರ್ಗವೂ ವೇಗ ಪಡೆಯುವ ಬೋರ್ಡ್‌ಗಳಲ್ಲಿ, ಈ ಅಪಾಯ ಹೆಚ್ಚು. ಮೊದಲು ಮುಖ್ಯ ಫೈಲುಗಳ ಪ್ರತಿ ಬೇರೆಡೆ ತೆಗೆದಿಟ್ಟು, ಆಮೇಲೆ ಚೆಕ್‌ಡಿಸ್ಕ್, ಅದರ ನಂತರ ಎಸ್‌ಎಫ್‌ಸಿ ಸ್ಕ್ಯಾನ್‌ನೌ ಆಜ್ಞೆ ಓಡಿಸಬೇಕು. ಈ ಕ್ರಮ ತಿರುವುಮುರುವಾಗಬಾರದು. ಊರಿನ ಪಹಣಿ, ಪಿಂಚಣಿ, ಜಾತಿ ಪ್ರಮಾಣಪತ್ರದ ಅರ್ಜಿಗಳನ್ನು ತುಂಬುವ ಗ್ರಾಮ ಒನ್ ಕೇಂದ್ರದ ಅಥವಾ ಅಂಗಡಿ ಲೆಕ್ಕದ ಕಂಪ್ಯೂಟರನ್ನು ಓವರ್‌ಕ್ಲಾಕ್ ಮಾಡಲೇಕೂಡದು. ಅಲ್ಲಿ ಒಂದು ಅಂಕಿ ತಪ್ಪಾಗಿ ಉಳಿದರೆ ಅದರ ಪಾಡು ಪಡುವವರು ಬೇರೆಯವರು.

ಮತ್ತೆ ವೇಗ ಏರಿಸುವವರು ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಮೊದಲು ರ‍್ಯಾಮ್ ಸಹಜ ವೇಗದಲ್ಲಿರಲಿ, ಪ್ರೊಸೆಸರಿನ ಗುಣಕವನ್ನು ಒಂದೊಂದೇ ಏರಿಸಿ ಪ್ರೈಮ್95 ಅಥವಾ ಒಸಿಸಿಟಿಯಿಂದ ದುಡಿಸಿ ನೋಡಬೇಕು. ಪ್ರೊಸೆಸರ್ ಸ್ಥಿರವಾಗಿ ನಿಂತ ಮೇಲೆ ರ‍್ಯಾಮ್‌ಗೆ ಬಂದು, ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ರಾತ್ರಿಯಿಡೀ ಓಡಿಸಬೇಕು. ಒಂದೇ ಒಂದು ದೋಷ ಕಂಡರೂ ಆ ವೇಗ ಬಿಡಬೇಕು. ಬಯೋಸ್ ಪರದೆಯ ಪ್ರತಿ ಪುಟವನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡರೆ ಮುಂದಿನ ಸಲ ಏನು ಬದಲಾಗಿತ್ತೆಂದು ತಡಕಾಡಬೇಕಾಗುವುದಿಲ್ಲ.

ಚಿಪ್ ನಿಜವಾಗಿ ಕೆಟ್ಟಾಗ

ವಿರಳವಾದರೂ ಇದು ಆಗುತ್ತದೆ. ಹೆಚ್ಚಿನ ವೋಲ್ಟೇಜ್ ಮತ್ತು ಶಾಖದಲ್ಲಿ ಚಿಪ್‌ನೊಳಗಿನ ಸಣ್ಣ ಲೋಹದ ಎಳೆಗಳ ಪರಮಾಣುಗಳೇ ವಿದ್ಯುತ್ತಿನ ಹರಿವಿಗೆ ಸರಿದು ಎಳೆ ಸವೆಯುತ್ತದೆ. ಜೇಮ್ಸ್ ಬ್ಲ್ಯಾಕ್ 1969ರಲ್ಲಿ ಇದರ ಸಮೀಕರಣ ಕೊಟ್ಟರು. ಆ ಸವೆತ ಶಾಖಕ್ಕೆ ಘಾತೀಯವಾಗಿ ಏರುತ್ತದೆ. 2000ದ ದಶಕದ ಆರಂಭದಲ್ಲಿ ಪೆಂಟಿಯಮ್ 4 ‘ನಾರ್ತ್‌ವುಡ್’ ಚಿಪ್‌ಗಳಿಗೆ 1.7 ವೋಲ್ಟ್‌ಗಿಂತ ಹೆಚ್ಚು ಕೊಟ್ಟವರು ಅವು ಹಠಾತ್ತನೆ ಸತ್ತದ್ದನ್ನು ಕಂಡರು. 2023ರ ವಸಂತದಲ್ಲಿ ಕೆಲವು ರೈಜೆನ್ 7000 ಎಕ್ಸ್3ಡಿ ಪ್ರೊಸೆಸರುಗಳು ಸಾಕೆಟ್‌ನಲ್ಲೇ ಸುಟ್ಟುಬಿದ್ದವು. ಎಕ್ಸ್‌ಪೋ ಆನ್ ಮಾಡಿದಾಗ ಬೋರ್ಡ್‌ಗಳು ಪ್ರೊಸೆಸರಿನ ಎಸ್‌ಒಸಿ ಭಾಗದ ವೋಲ್ಟೇಜನ್ನು ಅತಿಯಾಗಿ ಏರಿಸುತ್ತಿದ್ದವು. ಎಎಂಡಿ ಅದಕ್ಕೆ 1.3 ವೋಲ್ಟ್ ಮಿತಿ ಹಾಕಿದ ಬಯೋಸ್ ಬಂತು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಚಿಪ್‌ಗಳು ಓವರ್‌ಕ್ಲಾಕ್ ಮಾಡದೆಯೂ ವೋಲ್ಟೇಜ್ ಅತಿಯಾಗಿ ಸವೆದವು. 2024ರ ಆಗಸ್ಟ್‌ನಲ್ಲಿ ಬಯೋಸ್ ಫೈಲಿನೊಂದಿಗೆ ಬಂದ 0ಎಕ್ಸ್129 ಮೈಕ್ರೋಕೋಡ್ 1.55 ವೋಲ್ಟ್‌ಗಿಂತ ಹೆಚ್ಚು ಕೇಳದಂತೆ ಚಿಪ್ಪನ್ನು ತಡೆಯಿತು, ಕಂಪನಿ ಬಾಧಿತ ಮಾದರಿಗಳ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆದರೆ ಆಗಲೇ ಸವೆದ ಚಿಪ್ಪನ್ನು ಯಾವ ಬಯೋಸ್ ಫೈಲೂ ಸರಿಮಾಡದು. ಸಹಜ ಸೆಟ್ಟಿಂಗ್‌ನಲ್ಲೂ ಪದೇ ಪದೇ ನೀಲಿ ಪರದೆ ಬಂದರೆ, ಮತ್ತು ರ‍್ಯಾಮ್, ಎಸ್‌ಎಂಪಿಎಸ್ ಎರಡೂ ಬೇರೆ ಯಂತ್ರದಲ್ಲಿ ಸರಿಯಾಗಿ ನಡೆದರೆ, ಆಗ ಪ್ರೊಸೆಸರ್ ಮೇಲೆ ಕೈಯಿಡಬಹುದು.

ಓವರ್‌ಕ್ಲಾಕಿಂಗ್‌ನಿಂದ ಆದ ಹಾನಿ ವಾರಂಟಿಗೆ ಒಳಪಡುವುದಿಲ್ಲವೆಂದು ಇಂಟೆಲ್, ಎಎಂಡಿ ಎರಡೂ ಹೇಳುತ್ತವೆ. ಸಹಜ ವೇಗದಲ್ಲಿ ಓಡುವಾಗ ಕೆಟ್ಟ ಚಿಪ್‌ಗೆ ಬದಲಿ ಪಡೆಯಲು ಡಬ್ಬಿಯ ಮೇಲಿನ ಸರಣಿ ಸಂಖ್ಯೆಯೂ ಜಿಎಸ್‌ಟಿ ಬಿಲ್ಲೂ ಬೇಕು. ಸಿಂಧನೂರಿನಲ್ಲಿ ಕೊಂಡರೂ ಸಿಕಂದರಾಬಾದಿನಿಂದ ತರಿಸಿದರೂ ಡಬ್ಬಿ ಮತ್ತು ಬಿಲ್ಲನ್ನು ವಾರಂಟಿ ಮುಗಿಯುವವರೆಗೆ, ಅಂದರೆ ಡಬ್ಬಿಯಲ್ಲಿ ಬರುವ ಪ್ರೊಸೆಸರುಗಳಿಗೆ ಸಾಮಾನ್ಯವಾಗಿ ಮೂರು ವರ್ಷ, ಜೋಪಾನವಾಗಿಡಬೇಕು.